ಅಮಾವಾಸ್ಯೆಯ ಬೆಳ್ಳುಳ್ಳಿ ಎಣ್ಣೆ

ದೊಡ್ಡವ್ವನ ಹನ್ನೊಂದನೆಯ ದಿನದ ಊಟಕ್ಕೆ ನಮ್ಮ ಬೀದಿಗೆ ಬೀದಿಯೇ ಬಂದಿತ್ತು. ಎಲೆಯ ಮುಂದೆ ಕೂತವರು ಒಬ್ಬರಾದ ಮೇಲೊಬ್ಬರು ಅಂದದ್ದು ಒಂದೇ ಮಾತು: “ಪಾವಂ, ಕಡೇ ಕಾಲ್ದಲ್ಲಿ ಕಿವಿ ಸುತ್ತಮಾ ಓಗ್ಬುಟ್ಟಿತ್ತು.” ಪಾಪ, ಕಿವಿ ಪೂರ್ತಿ ಹೋಗಿಬಿಟ್ಟಿತ್ತು ಎಂದು. ನಾನು ಪಲ್ಯ ಬಡಿಸುತ್ತಿದ್ದೆ. ಹೂಂ ಎಂದು ತಲೆಯಾಡಿಸಿ ಮುಂದಿನ ಎಲೆಗೆ ಹೋದೆ. ದೊಡ್ಡವ್ವನ ಕಿವಿಗೆ ಏನೂ ಆಗಿರಲಿಲ್ಲ. ಆ ಪಂಕ್ತಿಯಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ. ಕಿವಿ ಹೋಗಿದೆ ಎಂದು ದೊಡ್ಡವ್ವನನ್ನೇ ನಂಬಿಸಿದವಳೂ ನಾನೇ.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ಅವರ ವಿಷಯ ಬರೆಯುತ್ತಾ ಬರೆಯುತ್ತಾ ನಾನು ಬಹಳ ಪ್ರೀತಿಯ ಹೆಣ್ಣುಮಗಳಂತೆ ಕಾಣಿಸಿಕೊಳ್ಳುವ ಅಪಾಯವಿದೆ. ಪ್ರೀತಿ ಇತ್ತು, ಇಲ್ಲ ಅನ್ನುವುದಿಲ್ಲ. ಆ ಪ್ರೀತಿ ಬೇಕಾದ ಹೊತ್ತಿಗೆ ಯಾವ ಕೆಲಸಕ್ಕೂ ಬರಲಿಲ್ಲ, ಅಷ್ಟೆ.

ನಾನು ಕೊಳ್ಳೇಗಾಲದವಳು. ಮದುವೆಯಾಗಿ ಸೇಲಂನ ಈ ನೇಕಾರರ ಬೀದಿಗೆ ಬಂದಾಗ ನನಗೆ ಇಪ್ಪತ್ತೊಂದು ವರ್ಷ. ಇಲ್ಲಿಯವರ ಕನ್ನಡ ನನ್ನ ಕನ್ನಡಕ್ಕೆ ಹತ್ತಿರವೇ, ಆದರೆ ನಾಲ್ಕು ಮಾತಿಗೊಂದು ತಮಿಳು ಸೇರುತ್ತಿತ್ತು, ನನಗೆ ತಮಿಳು ಬರುತ್ತಿರಲಿಲ್ಲ. ಬಂದ ಎರಡನೆಯ ವಾರವೋ ಏನೋ, ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಯಾರಿಗೂ ಕೇಳಿಸದಂತೆ ಒಂದಿಷ್ಟು ಅತ್ತೆ. ಮರುದಿನ ಬೆಳಗ್ಗೆ ಹಿತ್ತಲ ಗೋಡೆಯ ಮೇಲೆ ಒಂದು ಬಿಳಿ ತಲೆ ಕಾಣಿಸಿತು.

“ಏನ್ಲೇ ಕೊಳ್ಳೇಗಾಲ, ನಲ್ಲಿ ಬುಟ್ಕಂಡು ಅತ್ರೆ ನಂಗ್ ಕೇಳಲ್ಲ ಅನ್ಕಂಡ್ಯಾ? ನೀರೂ ವೇಸ್ಟು, ಅಳೋದೂ ವೇಸ್ಟು.”

ಅಷ್ಟು ಹೇಳಿ ಗೋಡೆಯ ಮೇಲಿಂದ ಒಂದು ಸಣ್ಣ ಬಾಟಲಿ ಕೊಟ್ಟರು. ಕರಿಬೇವಿನ ಎಣ್ಣೆ. “ಬಿಸಿ ಅನ್ನಕ್ಕೆ ಎಲ್ಡು ಚಮಚ ಆಕ್ಕಂಡ್ ಉಣ್ಣು. ನಿಮ್ಮವ್ವನ್ ನೆಪ್ಪು ಕಮ್ಮಿ ಆಯ್ತದೆ,” ಎಂದರು. ಕಮ್ಮಿಯಾಗಲಿಲ್ಲ, ಆದರೆ ಅನ್ನ ಸೇರಿತು. ಅವತ್ತಿನಿಂದ ನಾನು ಅವರಿಗೆ ಕೊಳ್ಳೇಗಾಲ, ಅವರು ಬೀದಿಗೆಲ್ಲ ಹೇಗೋ ಹಾಗೆ ನನಗೂ ದೊಡ್ಡವ್ವ. ಅವರ ಮನೆ ನಮ್ಮದಕ್ಕೆ ಅಂಟಿಕೊಂಡೇ ಇತ್ತು. ಮಗ, ಸೊಸೆ, ಇವರು. ಗಂಡ ತೀರಿಕೊಂಡಾಗ ಅವರಿಗೆ ಮೂವತ್ತೂ ಆಗಿರಲಿಲ್ಲವಂತೆ.

ಆ ಕಿವಿಯ ವಿಷಯ ಹೇಳಬೇಕು. ನಮ್ಮ ಬೀದಿಯಲ್ಲಿ ಹಿಂದೆ ಕೈಮಗ್ಗಗಳಿದ್ದವು. ಈಗ ಮನೆಮನೆಯಲ್ಲೂ ಪವರ್ ಲೂಮು. ಬೆಳಗ್ಗೆ ಸ್ವಿಚ್ಚು ಹಾಕಿದರೆ ರಾತ್ರಿಯ ಊಟದವರೆಗೆ ಟಕಟಕಟಕ. ಹೊಸಬರಿಗೆ ತಲೆ ಸಿಡಿಯುತ್ತದೆ, ನಮಗೆ ಅದು ನಿಂತರೆ ದಿಗಿಲಾಗುತ್ತದೆ. ದೊಡ್ಡವ್ವ ಆ ಗದ್ದಲದ ನಡುವೆ ಜಗಲಿಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಾ, ನನ್ನ ಗಂಡ ಹಾದುಹೋಗುವಾಗ ಹೇಳುತ್ತಿದ್ದರು: “ಲೋ, ನಿನ್ ಮೂರ್ನೇ ತರೀಲಿ ಶಟ್ಲು ಒಡ್ಕಂತೈತೆ, ನೋಡ್ಕೋ.” ತರಿ ಅಂದರೆ ಇಲ್ಲಿ ಮಗ್ಗ. ನನ್ನ ಗಂಡ ಹೋಗಿ ನೋಡಿದರೆ ಮೂರನೆಯದರಲ್ಲೇ ತೊಂದರೆ ಇರುತ್ತಿತ್ತು. ಮೆಕ್ಯಾನಿಕ್ಕು ಮಧ್ಯಾಹ್ನ ಬಂದು ಕಂಡುಹಿಡಿಯುವುದನ್ನು ದೊಡ್ಡವ್ವ ಬೆಳಗ್ಗೆಯೇ ಜಗಲಿಯಿಂದ ಹೇಳಿಬಿಡುತ್ತಿದ್ದರು.

ಅವರ ಎಣ್ಣೆಯ ಗುಟ್ಟೂ ಕಿವಿಯಲ್ಲೇ ಇತ್ತು. ನಂಗವಳ್ಳಿಯಲ್ಲಿ ಅವರ ತಂಗಿಯ ಮನೆ. ಅಲ್ಲಿಂದ ಎಳ್ಳು ಬರುತ್ತಿತ್ತು, ಇಲ್ಲಿ ಮರದ ಗಾಣಕ್ಕೆ ಕೊಟ್ಟು ಎಣ್ಣೆ ತೆಗೆಸುತ್ತಿದ್ದರು. “ಪ್ಯಾಕೆಟ್ ಎಣ್ಣೆಗೆ ಮೂಗೂ ಇಲ್ಲ, ನಾಲ್ಗೇನೂ ಇಲ್ಲ,” ಎನ್ನುವುದು ಅವರ ತೀರ್ಮಾನ. ಇಡ್ಲಿಗೆ ಒಣಮೆಣಸಿನಕಾಯಿ ಹಾಕಿ ಕಾಯಿಸಿದ ಕಡಲೆಕಾಯಿ ಎಣ್ಣೆ, ಶೀತವಾದವರಿಗೆ ಕಾಳುಮೆಣಸು ಜೀರಿಗೆಯ ಎಣ್ಣೆ, ಅನ್ನಕ್ಕೆ ಕರಿಬೇವಿನದು. ಆದರೆ ಅವರ ಹೆಸರು ನಿಂತಿದ್ದದ್ದು ಬೆಳ್ಳುಳ್ಳಿ ಎಣ್ಣೆಯ ಮೇಲೆ. ಅವರ ಬಾಯಲ್ಲಿ ಅದು ಪೂಂಡೆಣ್ಣೆ, ತಮಿಳಿನ ಪೂಂಡು ಅಂದರೆ ಬೆಳ್ಳುಳ್ಳಿ.

ಬೆಳ್ಳುಳ್ಳಿಯನ್ನು ಸುಲಿದು, ಒಗೆದ ಪಂಚೆಯ ಮೇಲೆ ನೆರಳಿನಲ್ಲಿ ಒಂದು ದಿನ ಆರಲು ಬಿಡುತ್ತಿದ್ದರು. ಬಾಟಲಿಗಳನ್ನು ಬಿಸಿಲಿನಲ್ಲಿ ಬೋರಲು ಹಾಕುತ್ತಿದ್ದರು. ಕೈ ತೊಳೆದವರು ಕೈ ಒರೆಸಿದರೂ ಆ ಹೊತ್ತು ಒಲೆಯ ಹತ್ತಿರ ಬರುವ ಹಾಗಿಲ್ಲ. ಉರಿ ಸಣ್ಣದು. ಎಣ್ಣೆಗೆ ಬಿದ್ದ ಬೆಳ್ಳುಳ್ಳಿ ಮೊದಲು ಚಟಚಟ ಅನ್ನುತ್ತದೆ. ಆಮೇಲೆ ಚುಂಯ್ ಎಂದು ಒಂದೇ ಸಮ ಅಳುತ್ತದೆ. ಆಮೇಲೆ ಪಿಸುಪಿಸು. ಕೊನೆಗೆ ಏನೂ ಇಲ್ಲ. ಆ ಏನೂ ಇಲ್ಲದ್ದಕ್ಕಾಗಿ ದೊಡ್ಡವ್ವ ಕಣ್ಣು ಮುಚ್ಚಿ, ತಲೆಯನ್ನು ಎಡಕ್ಕೆ ವಾಲಿಸಿ, ಬಾಣಲೆಯ ಪಕ್ಕ ಕೂತಿರುತ್ತಿದ್ದರು.

ಬಣ್ಣ ನೋಡಿ ಇಳಿಸಬಾರದಾ ಎಂದು ಒಮ್ಮೆ ಕೇಳಿದ್ದೆ.

“ಬಣ್ಣ ಮೋಸ ಮಾಡ್ತದೆ ಕಣೆ. ಆಚೆ ಕೆಂಪಗೆ ಇರ್ತದೆ, ಒಳ್ಗೆ ಅಸಿ. ನೀರ್ ಇರೋ ಗಂಟ ಪೂಂಡು ಮಾತಾಡ್ತದೆ. ಮಾತ್ ನಿಲ್ಸಿದ್ ಮೇಲೇನೇ ಇಳ್ಸಬೇಕು.”

ಈ ಕೆಲಸಕ್ಕೆ ಅವರು ಇಟ್ಟುಕೊಂಡಿದ್ದ ದಿನ ಅಮಾವಾಸ್ಯೆ. ಹೊರಗಿನವರು ಕೇಳಿದರೆ ಏನೋ ಮಂತ್ರ ತಂತ್ರ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ನಮ್ಮವರಲ್ಲಿ ಅಮಾವಾಸ್ಯೆಯ ದಿನ ಮಗ್ಗ ಓಡಿಸುವುದಿಲ್ಲ. ಕೈಮಗ್ಗದ ಕಾಲದ ಕಟ್ಟು, ಪವರ್ ಲೂಮಿಗೂ ಉಳಿದುಕೊಂಡಿದೆ. ತಿಂಗಳಿಗೆ ಅದೊಂದು ದಿನ ಬೀದಿಯಲ್ಲಿ ಕಾಗೆಯ ಕೂಗು ಕೇಳಿಸುತ್ತದೆ, ಪಕ್ಕದ ಮನೆಯ ಪೊರಕೆ ಕೇಳಿಸುತ್ತದೆ, ಬಾಣಲೆಯಲ್ಲಿ ಬೆಳ್ಳುಳ್ಳಿ ಮಾತು ನಿಲ್ಲಿಸುವುದೂ ಕೇಳಿಸುತ್ತದೆ. ಅಂಥ ದಿನ ಅವರ ಸೊಸೆ ಒಮ್ಮೆ ಮರೆತು ಮಿಕ್ಸಿ ಹಾಕಿಬಿಟ್ಟಳು. ದೊಡ್ಡವ್ವ ಸೌಟು ಹಿಡಿದುಕೊಂಡೇ ಎದ್ದು ಬಂದು, “ಆಫ್ ಮಾಡು ಆ ಶನೀನ,” ಎಂದು ಮಿಕ್ಸಿಯ ವಯರನ್ನೇ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು. ಮನೆಯವರಿಗೆ ಅವತ್ತು ಚಟ್ನಿ ಇರಲಿಲ್ಲ.

ಆ ಎಣ್ಣೆ ಮುಖ್ಯವಾಗಿ ಹೋಗುತ್ತಿದ್ದದ್ದು ಬಾಣಂತಿಯರಿಗೆ. ನಮ್ಮ ಬೀದಿಯಲ್ಲಿ ಹೆರಿಗೆಯಾದವಳ ಮೊದಲ ಅನ್ನಕ್ಕೆ ದೊಡ್ಡವ್ವನ ಬೆಳ್ಳುಳ್ಳಿ ಎಣ್ಣೆಯೇ ಬೀಳಬೇಕು. ನನ್ನ ಎರಡು ಬಾಣಂತನಕ್ಕೂ ಬಿದ್ದಿದೆ. ಆದರೆ ದೊಡ್ಡವ್ವ ಗಂಡ ಸತ್ತವರು. ಬಾಣಂತಿಯ ಕೋಣೆಯ ಹೊಸಿಲು ಅವರು ದಾಟುತ್ತಿರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ, ಬಾ ಎಂದೂ ಯಾರೂ ಕರೆದಿರಲಿಲ್ಲ. ಬಾಟಲಿಯನ್ನು ಹೊಸಿಲ ಮೇಲಿಟ್ಟು, ಪರದೆಯ ಈಚೆ ಗೋಡೆಗೆ ಒರಗಿ ಕೂತುಕೊಳ್ಳುತ್ತಿದ್ದರು. ಒಳಗೆ ಮಗು ಅತ್ತರೆ ಸ್ವಲ್ಪ ಹೊತ್ತು ಕೇಳಿ, “ಇದು ಅಸಿವಲ್ಲ ಕಣೆ, ವೊಟ್ಟೆನೋವು. ಬೆನ್ನು ತಟ್ಟು,” ಎನ್ನುತ್ತಿದ್ದರು. ನನ್ನ ಮಗಳ ಹೊಟ್ಟೆನೋವನ್ನು ಅವರು ಹಾಗೆ ಎಷ್ಟು ಸಲ ಕಂಡುಹಿಡಿದಿದ್ದಾರೋ. ಮೂರು ತಿಂಗಳಾಗಿ ಮಗುವನ್ನು ಹೊರಗೆ ತಂದಾಗಲೇ ಅವರು ಅದರ ಮುಖ ನೋಡುತ್ತಿದ್ದದ್ದು. ಅವರು ಹೋಗಲಾರದ ಕೋಣೆಗೆ ಅವರ ಎಣ್ಣೆ ಹೋಗುತ್ತಿತ್ತು. ಅವರಿಗೆ ಅದಕ್ಕಿಂತ ದೊಡ್ಡದು ಏನೂ ಇರಲಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ಮೂರು ವರ್ಷದ ಹಿಂದಿನ ಮಾತು. ನನಗೆ ಫೋನಿನಲ್ಲಿ ಫೋಟೋ ತೆಗೆಯುವ ಹುಚ್ಚು ಹತ್ತಿತ್ತು. ಬಿಸಿಲಿಗೆ ಹಿಡಿದ ದೊಡ್ಡವ್ವನ ಬಾಟಲಿಯ ಚಿತ್ರವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ಕೊಯಮತ್ತೂರಿನಲ್ಲಿರುವ ನಾದಿನಿ ಕೇಳಿದಳು, ಅವಳ ಅಪಾರ್ಟ್‌ಮೆಂಟಿನವರು ಕೇಳಿದರು. ನಾನು ಒಂದು ಗ್ರೂಪು ಮಾಡಿದೆ. “ದೊಡ್ಡವ್ವನ ಎಣ್ಣೆ” ಎಂದು ತಮಿಳಿನಲ್ಲಿ ಚೀಟಿ ಅಚ್ಚು ಹಾಕಿಸಿದೆ. ದೊಡ್ಡವ್ವನಿಗೆ ಓದಲು ಬರುತ್ತಿರಲಿಲ್ಲ. ಚೀಟಿಯ ಮೇಲೆ ಬೆರಳಾಡಿಸಿ, “ಇದ್ರಲ್ಲಿ ನಾನ್ ಎಲ್ಲಿವ್ನಿ?” ಎಂದು ಕೇಳಿದರು. ತೋರಿಸಿದೆ. ಆ ದಿನವೆಲ್ಲ ಬಂದವರಿಗೆ ಅದನ್ನೇ ತೋರಿಸುತ್ತಿದ್ದರು.

ನಿಜ ಹೇಳಬೇಕೆಂದರೆ ಹೊಗಳಿಕೆಯ ರುಚಿ ಹತ್ತಿದ್ದು ನನಗೆ. ಗ್ರೂಪಿನಲ್ಲಿ ಯಾರಾದರೂ “ಸೂಪರ್ ಅಕ್ಕಾ” ಎಂದು ಬರೆದರೆ ಅದು ನನ್ನ ಕೈಗೇ ಅಂದದ್ದು ಎನ್ನಿಸುತ್ತಿತ್ತು. ಎಣ್ಣೆ ಯಾರು ಮಾಡುತ್ತಾರೆ ಎಂದು ಕೇಳಿದವರಿಗೆ “ನಾವು” ಎನ್ನುತ್ತಿದ್ದೆ. ನಾನು ಮಾಡುತ್ತಿದ್ದದ್ದು ಬೆಳ್ಳುಳ್ಳಿ ಸುಲಿಯುವುದು, ಫೋಟೋ ತೆಗೆಯುವುದು, ಅಷ್ಟೇ.

ಒಂದು ಸಲ ನಾದಿನಿ ಹನ್ನೆರಡು ಬಾಟಲಿ ಕೇಳಿದಳು, ಅದೇ ವಾರ ಬೇಕು ಎಂದಳು. ಅಮಾವಾಸ್ಯೆ ಇನ್ನೂ ದೂರ ಇತ್ತು. ದೊಡ್ಡವ್ವ ತಂಗಿಗೆ ಹುಷಾರಿಲ್ಲವೆಂದು ನಂಗವಳ್ಳಿಗೆ ಹೋಗಿದ್ದರು. ಆಗಲ್ಲ ಅನ್ನಬಹುದಿತ್ತು. ಹದಿನೇಳು ವರ್ಷ ನೋಡಿದ್ದೀನಲ್ಲ, ಇದರಲ್ಲೇನು ಬ್ರಹ್ಮವಿದ್ಯೆ ಇದೆ ಅಂದುಕೊಂಡೆ. ಎಣ್ಣೆ ಇತ್ತು, ಬೆಳ್ಳುಳ್ಳಿ ತಂದೆ. ಒಂದು ದಿನ ಆರಿಸುವ ಕಡೆ ಅರ್ಧ ದಿನ ಆರಿಸಿದೆ. ನಮ್ಮ ಮನೆಯ ಮುಂಭಾಗದಲ್ಲೇ ನಾಲ್ಕು ಮಗ್ಗ. ಬುಧವಾರ ಹಗಲು, ನಾಲ್ಕೂ ಓಡುತ್ತಿದ್ದವು, ಪಕ್ಕದವರದೂ ಓಡುತ್ತಿದ್ದವು. ಬಾಣಲೆಯ ಮೇಲೆ ಬಗ್ಗಿದೆ. ಮುಖಕ್ಕೆ ಬಿಸಿ ತಾಗಿತು. ಕಿವಿಗೆ ಟಕಟಕ ಬಿಟ್ಟು ಬೇರೇನೂ ಬೀಳಲಿಲ್ಲ. ಸ್ವಲ್ಪ ಹೊತ್ತು ಮಗ್ಗ ನಿಲ್ಲಿಸಿ ಎಂದು ಗಂಡನಿಗೆ ಹೇಳಬಹುದಿತ್ತು. ಹೇಳಿದರೆ ನಗುತ್ತಾರೆ ಎಂದು ಸುಮ್ಮನಾದೆ. ಬೆಳ್ಳುಳ್ಳಿ ಕೆಂಪಗಾಯಿತು, ಫೋಟೋಕ್ಕೆ ಚೆಂದ ಕಾಣಿಸುವ ಬಣ್ಣ. ಇಳಿಸಿದೆ. ಬೆಳ್ಳುಳ್ಳಿ ಸಮೇತ ಬಾಟಲಿಗೆ ತುಂಬಿ ಚೀಟಿ ಅಂಟಿಸಿದೆ.

ಆ ಬಾಟಲಿಗಳಲ್ಲಿ ಒಂದು ಬೀದಿಯ ಕಡೆಮನೆಗೆ ಹೋಯಿತು. ಅಲ್ಲಿಯ ಅಕ್ಕನ ಮಗಳನ್ನು ಧರ್ಮಪುರಿಯ ಹತ್ತಿರ ಅದಿಯಮಾನ್‌ಕೋಟೆಗೆ ಕೊಟ್ಟಿದ್ದರು, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಡಾಕ್ಟರು ಹೇಳಿದ್ದಕ್ಕಿಂತ ಹತ್ತು ದಿನ ಮೊದಲೇ ಹೆರಿಗೆಯಾಯಿತು. ಮಾರುವ ಬಾಟಲಿಗಳು ನಮ್ಮ ಮನೆಯಲ್ಲೇ ಇರುತ್ತಿದ್ದರಿಂದ ಕಡೆಮನೆ ಅಕ್ಕ ಓಡಿಬಂದು, “ದೊಡ್ಡವ್ವ ಊರಲ್ಲಿಲ್ವಂತೆ, ಪೂಂಡೆಣ್ಣೆ ಇದ್ರೆ ಕೊಡವ್ವ,” ಎಂದಳು. ಕೊಟ್ಟೆ. ನನ್ನದು ಎಂದು ಹೇಳಲಿಲ್ಲ. ಹೇಳಿದ್ದರೆ ಅವಳು ಒಯ್ಯುತ್ತಿರಲಿಲ್ಲ.

ಎರಡು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ದಿನ ಬಾಣಂತಿಗೆ ವಾಂತಿ ಭೇದಿ ಹತ್ತಿ, ನಿಲ್ಲದೆ, ತಲೆ ಎತ್ತಲಾರದ ಹಾಗಾಗಿ ಆಸ್ಪತ್ರೆಗೆ ಸೇರಿಸಿದರು. ನಾಲ್ಕು ದಿನ ಮಗು ತಾಯಿಯ ಹಾಲಿಲ್ಲದೆ ಅಜ್ಜಿಯ ಮಡಿಲಲ್ಲಿ ಅರಚಿತು. ಏನೇನು ತಿಂದಳು ಎಂದು ವಿಚಾರಿಸಿದ ಡಾಕ್ಟರು, ಬೆಳ್ಳುಳ್ಳಿಯಲ್ಲಿ ನೀರು ಉಳಿದು ಎಣ್ಣೆ ಕೆಟ್ಟಿರಬೇಕು, ಅಂಥದ್ದು ಜೀವಕ್ಕೂ ಅಪಾಯ ಎಂದರಂತೆ. ಹುಡುಗಿ ಬದುಕಿಕೊಂಡಳು. ಸುದ್ದಿ ಕೇಳಿದ ಕೂಡಲೇ ನಾನು ಮಾಡಿದ ಮೊದಲ ಕೆಲಸ, ಮನೆಯಲ್ಲಿ ಉಳಿದಿದ್ದ ಬಾಟಲಿಗಳನ್ನು ಬಚ್ಚಲಿಗೆ ಸುರಿದದ್ದು. ಎರಡನೆಯದು, ಕೊಯಮತ್ತೂರಿಗೆ ಫೋನು ಮಾಡಿ, ಆ ಬಾಟಲಿ ಮುಟ್ಟಬೇಡಿ, ಹಳೆಯ ಸ್ಟಾಕು ಎಂದು ಸುಳ್ಳು ಹೇಳಿದ್ದು. ಮೂರನೆಯ ಕೆಲಸ ಒಂದಿತ್ತು, ಅದನ್ನು ಮಾಡಲಿಲ್ಲ.

ಕಡೆಮನೆ ಅಕ್ಕ ಬಾಟಲಿ ಹಿಡಿದು ದೊಡ್ಡವ್ವನ ಜಗಲಿಗೆ ಬಂದಳು. ದೊಡ್ಡವ್ವ ನಂಗವಳ್ಳಿಯಿಂದ ಬಂದು ಆಗಲೇ ಹತ್ತು ದಿನವಾಗಿತ್ತು. ಬೀದಿಯವರು ಐದಾರು ಜನ ಸೇರಿದರು. ನಾನೂ ಹೋಗಿ ನಿಂತೆ, ನಿಲ್ಲದಿದ್ದರೆ ಅನುಮಾನ ಬರುತ್ತದೆ ಎಂದು.

“ದೊಡ್ಡವ್ವ, ನಾನು ಜಗಳಕ್ ಬಂದಿಲ್ಲ,” ಎಂದಳು ಕಡೆಮನೆ ಅಕ್ಕ. ಅವಳ ಕಣ್ಣು ನಿದ್ದೆಗೆಟ್ಟು ಊದಿತ್ತು. “ಇದುನ್ನ ಮೂಸಿ ನೋಡು, ಅಷ್ಟೇ.”

ದೊಡ್ಡವ್ವ ಮುಚ್ಚಳ ತೆಗೆದು ಮೂಸಿದರು. ಬೆರಳಿಗೊಂದು ತೊಟ್ಟು ಹಾಕಿಕೊಂಡು ಉಜ್ಜಿದರು. ಒಂದು ಬೆಳ್ಳುಳ್ಳಿ ಎಸಳನ್ನು ತೆಗೆದು ಉಗುರಿನಿಂದ ಸೀಳಿದರು. ಒಳಗೆ ಅದು ಮೆತ್ತಗಿತ್ತು.

“ಅಸಿ ಐತೆ,” ಎಂದರು. ಸ್ವಲ್ಪ ಹೊತ್ತು ಅದನ್ನೇ ನೋಡಿದರು. “ಇದು ನಾನ್ ಮಾಡಿದ್ದಾ?”

ಅವರು ಬಾಟಲಿಯನ್ನು ನನ್ನ ಕಡೆ ಹಿಡಿದರು. “ನೀನ್ ನೋಡ್ಲೇ ಕೊಳ್ಳೇಗಾಲ. ಇದು ನನ್ ಚೀಟಿ ತಾನೆ?”

“ನಿಮ್ದೇ ದೊಡ್ಡವ್ವ,” ಎಂದೆ.

ಚೀಟಿ ಅವರದೇ. ಅಷ್ಟು ಮಟ್ಟಿಗೆ ಅದು ನಿಜ. ಆ ಅಷ್ಟು ಮಟ್ಟಿನ ನಿಜವನ್ನು ಹಿಡಿದುಕೊಂಡು ನಾನು ಕೆಲವು ತಿಂಗಳು ನೆಮ್ಮದಿಯಾಗಿದ್ದೆ ಎಂದು ನೆನೆಸಿಕೊಂಡರೆ ಈಗ ಮೈಮೇಲೆ ಹುಳ ಹರಿದ ಹಾಗಾಗುತ್ತದೆ.

ಗುಂಪಿನಲ್ಲಿ ಯಾರೋ ಮೆಲ್ಲಗೆ, “ವಯಸ್ಸಾಯ್ತಲ್ಲ, ಕಿವಿ ಮಂದ ಆಗಿರ್ತದೆ,” ಎಂದರು. ಕೊಂಕಿನ ಮಾತಲ್ಲ, ಕನಿಕರದ್ದು. ಆ ಮಾತು ಎಲ್ಲರಿಗೂ ಅನುಕೂಲವಾಯಿತು. ಯಾರ ತಪ್ಪೂ ಇಲ್ಲ, ವಯಸ್ಸಿನ ತಪ್ಪು. ಕಡೆಮನೆ ಅಕ್ಕನ ಸಿಟ್ಟೂ ಇಳಿಯಿತು. ದೊಡ್ಡವ್ವ ಎದ್ದು ಅವಳ ಎರಡೂ ಕೈ ಹಿಡಿದುಕೊಂಡು, “ತಪ್ಪಾಯ್ತು ತಾಯಿ. ಕೂಸು ಆಲ್ ಕುಡೀತಾ ಈಗ?” ಎಂದು ಕೇಳಿದರು. ಕುಡಿಯುತ್ತಿದೆ ಎಂದಳು. “ಅಷ್ಟ್ ಸಾಕು,” ಎಂದು ಒಳಗೆ ಹೋದರು.

ಮಾರನೆಯ ದಿನದಿಂದ ನನ್ನನ್ನು ಕೂರಿಸಿಕೊಂಡು ಲೆಕ್ಕ ಹಾಕಲು ಶುರುಮಾಡಿದರು. “ಓದ್ ಅಮಾಸೇಲಿ ಎಲ್ಡು ಬಾಣ್ಲೆ ಮಾಡ್ದೆ ಅಲ್ವಾ? ಎಲ್ಡ್ನೇದು ಇಳ್ಸೋವಾಗ ಬೀದೀಲಿ ಟೆಂಪೋ ಓಯ್ತು, ಗ್ಯಾನ ಐತಾ ನಿಂಗೆ? ಆ ಸದ್ದಲ್ಲಿ ನಂಗ್ ಗೊತ್ತಾಗ್ನಿಲ್ವೇನೋ.” ಅವರು ಮಾಡದ ತಪ್ಪನ್ನು ತಮ್ಮ ಕೆಲಸದಲ್ಲೇ ಹುಡುಕುತ್ತಿದ್ದರು, ಅದೂ ನನ್ನ ನೆರವು ಕೇಳಿಕೊಂಡು. “ಇರಬೌದು ದೊಡ್ಡವ್ವ,” ಎಂದೆ. ಮತ್ತೆ ಮತ್ತೆ ಕೇಳಿದರು, ಮತ್ತೆ ಮತ್ತೆ ಅದನ್ನೇ ಅಂದೆ.

ಒಂದು ದಿನ ಅವರೇ, “ನನ್ ಕಿವಿ ತೋರಿಸ್ಬೇಕು, ಕರ್ಕೊಂಡ್ ಓಗು,” ಎಂದರು. ಟೌನ್ ಬಸ್ಸಿನಲ್ಲಿ ಹೋದೆವು. ಜಂಕ್ಷನ್ನಿನಾಚೆ ಒಂದು ಕಿವಿಯ ಆಸ್ಪತ್ರೆ. ಅವರನ್ನು ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನು ಹಾಕಿ, ಸದ್ದು ಕೇಳಿದಾಗ ಒತ್ತು ಎಂದು ಕೈಗೊಂದು ಗುಂಡಿ ಕೊಟ್ಟರು. ದೊಡ್ಡವ್ವ ಕಣ್ಣು ಮುಚ್ಚಿ ತಲೆ ಎಡಕ್ಕೆ ವಾಲಿಸಿದರು, ಬಾಣಲೆಯ ಮುಂದೆ ಕೂತಾಗಿನಂತೆಯೇ. ಪರೀಕ್ಷೆ ಮಾಡುತ್ತಿದ್ದ ಹುಡುಗಿ ಸದ್ದನ್ನು ಸಣ್ಣದು ಮಾಡುತ್ತಾ ಹೋದಳು. ದೊಡ್ಡವ್ವನ ಹೆಬ್ಬೆರಳು ಒತ್ತುತ್ತಲೇ ಇತ್ತು. ಹುಡುಗಿ ನನ್ನ ಕಡೆ ತಿರುಗಿ ನಕ್ಕು, “ಪಾಟಿಕ್ಕು ರೊಂಬ ನಲ್ಲಾ ಕೇಕ್ಕುದು ಅಕ್ಕಾ,” ಎಂದಳು. ಅಜ್ಜಿಗೆ ತುಂಬ ಚೆನ್ನಾಗಿ ಕೇಳುತ್ತದೆ, ತನಗಿಂತಲೂ ಚೆನ್ನಾಗಿ ಎಂದಳು. ದೊಡ್ಡವ್ವ ಗಾಜಿನ ಆಚೆ, ಹೆಡ್‌ಫೋನಿನ ಒಳಗಿದ್ದರು. ಡಾಕ್ಟರು ಸಂಜೆ ಬರುತ್ತಾರೆ, ಇದ್ದು ನೋಡಿಕೊಂಡು ಹೋಗಿ ಎಂದಳು ಹುಡುಗಿ. ಬೇಡ, ಕಾಗದ ಸಾಕು ಎಂದು ನಾನು ದೊಡ್ಡವ್ವನ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದುಬಿಟ್ಟೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಸ್ವಲ್ಪ ದೂರ ಬಂದ ಮೇಲೆ ಆ ಹುಡುಗಿಯ ಮಾತು ಕೇಳಿದರು. “ಏನಂದ್ಳು ಆ ಪುಳ್ಳೆ?”

ಈ ಪ್ರಶ್ನೆ ಬರುತ್ತದೆ ಎಂದು ಗೊತ್ತಿತ್ತು. ಕಿವಿ ಸರಿಯಿದೆ ಎಂದರೆ, ಆ ಬಾಟಲಿಯನ್ನು ಮಾಡಿದ್ದು ಯಾರು ಎನ್ನುವುದೇ ಮುಂದಿನ ಪ್ರಶ್ನೆ. ಅದು ಅವರ ಬಾಯಿಂದ ಬರುವ ಮೊದಲೇ ನಾನು ಬಾಗಿಲು ಹಾಕಬೇಕಿತ್ತು.

“ಸ್ವಲ್ಪ ಕಮ್ಮಿ ಆಗೈತಂತೆ ದೊಡ್ಡವ್ವ. ಮಾತು ಕೇಳ್ತದಂತೆ, ಸಣ್ಣ ಸದ್ದು ಕೇಳಲ್ವಂತೆ. ವಯಸ್ಸಿಗೆ ಎಲ್ರಿಗೂ ಆಗೋದೇ ಅಂತೆ.”

ದೊಡ್ಡವ್ವ ಹೂಂ ಎಂದರು. ಕಿಟಕಿಯಾಚೆ ನೋಡುತ್ತಾ ಕೂತರು. ನಮ್ಮ ಸ್ಟಾಪು ಹತ್ತಿರ ಬಂದಾಗ, “ನಾನು ಎಲ್ಲಾನೂ ಒತ್ತಿದ್ನಲ್ಲ,” ಎಂದರು, ನನಗೋ ತಮಗೋ ಗೊತ್ತಾಗದ ಹಾಗೆ. ನಾನು ಇಳಿಯುವ ಗಡಿಬಿಡಿ ನಟಿಸಿದೆ.

ಆಮೇಲೆ ಅವರು ಒಲೆಯ ಮುಂದೆ ಕೂರಲಿಲ್ಲ. ಬಾಣಲೆಯನ್ನು ಸೊಸೆಗೆ ಕೊಟ್ಟರು, ಅವಳು ಅದರಲ್ಲಿ ಬೋಂಡ ಕರಿದಳು. ಬೀದಿಯಲ್ಲಿ ಆಮೇಲೆಯೂ ಹೆರಿಗೆಗಳಾದವು. ಯಾರೂ ಎಣ್ಣೆ ಕೇಳಲು ಬರಲಿಲ್ಲ. ಎಣ್ಣೆಯ ನೆಪವಿಲ್ಲದೆ ಅವರೂ ಯಾವ ಬಾಣಂತಿಯ ಕೋಣೆಯ ಹೊರಗೂ ಕೂರಲು ಹೋಗಲಿಲ್ಲ. ನಾನು ಗ್ರೂಪನ್ನು ಅಳಿಸಿದೆ. ಜನ ಅವರ ಹತ್ತಿರ ಕಿರುಚಿ ಮಾತಾಡಲು ಶುರುಮಾಡಿದರು. ನಾಲ್ಕು ದಿನ ಎಲ್ಲರೂ ಕಿರುಚಿದರೆ ಮನುಷ್ಯ ತಾನೇ ಕಿವುಡಾಗುತ್ತಾನೆಯೋ ಏನೋ. ಯಾರಾದರೂ ಬಾಯಿ ತೆಗೆಯುವ ಮೊದಲೇ ದೊಡ್ಡವ್ವ ಕೈಯನ್ನು ಕಿವಿಗೆ ಕೊಟ್ಟು “ಆಂ?” ಎನ್ನುತ್ತಿದ್ದರು. ನನ್ನ ಗಂಡನ ಮಗ್ಗದ ಮಾತಂತೂ ಎತ್ತುತ್ತಲೇ ಇರಲಿಲ್ಲ.

ಒಂದು ಸಲ ನಮ್ಮ ಒಳಮನೆಯಲ್ಲಿ ನನ್ನ ಮಗಳು ಸ್ನೇಹಿತೆಯ ಕಿವಿಯಲ್ಲಿ ಏನೋ ಗುಟ್ಟು ಹೇಳಿ ಕಿಸಕ್ಕೆಂದಳು. ಅಮಾವಾಸ್ಯೆ, ಮಗ್ಗಗಳಿರಲಿಲ್ಲ. ಪಕ್ಕದ ಜಗಲಿಯಿಂದ ದೊಡ್ಡವ್ವನ ದನಿ ಬಂತು: “ಯಾರ್ಲೇ ಅವ್ನು, ಬಸ್ಸಲ್ಲಿ ದಿನಾ ನೋಡೋನು?” ಮಗಳು ಬೆಚ್ಚಿದಳು. ನಾನು ಹೊರಗೆ ಬಂದು ನೋಡಿದರೆ ದೊಡ್ಡವ್ವನೂ ಬೆಚ್ಚಿದ್ದರು. ನನ್ನನ್ನು ಕಂಡು, “ಏನೋ ಕೇಳಿದ್ ಅಂಗಾಯ್ತು. ಭ್ರಮೆ,” ಎಂದರು. ನಾನು ಆಗಲೂ ಬಾಯಿ ಬಿಡಲಿಲ್ಲ. ದಿನ ಕಳೆದಷ್ಟೂ ಹೇಳುವುದು ಸುಲಭವಾಗುತ್ತದೆ ಅಂದುಕೊಂಡಿದ್ದೆ, ಹಾಗಾಗಲಿಲ್ಲ. ಮೊದಲ ದಿನ ನನ್ನ ತಪ್ಪು ಒಂದು ಕೆಟ್ಟ ಎಣ್ಣೆ. ಆಮೇಲೆ ಒಂದು ಸುಳ್ಳು. ಆಮೇಲೆ ಆ ಹೆಂಗಸಿನ ಎರಡು ವರ್ಷ.

ಕಳೆದ ತಿಂಗಳು ಅವರು ಹಾಸಿಗೆ ಹಿಡಿದರು. ಉಸಿರಾಟದ ತೊಂದರೆ, ಕಾಲು ಬಾತುಕೊಂಡಿತ್ತು. ಆಸ್ಪತ್ರೆಯವರು ಮನೆಯಲ್ಲೇ ಇಟ್ಟುಕೊಳ್ಳಿ ಎಂದಿದ್ದರು. ಒಂದು ಮಧ್ಯಾಹ್ನ ನೋಡಲು ಹೋದೆ. ಹೊರಗೆ ಹಜಾರದಲ್ಲಿ ಅವರ ಸೊಸೆ, ಕಡೆಮನೆ ಅಕ್ಕ, ಇನ್ನಿಬ್ಬರು ಕೂತಿದ್ದರು. ಒಳಗೆ ದೊಡ್ಡವ್ವ ಕಣ್ಣು ಮುಚ್ಚಿ ಮಲಗಿದ್ದರು. ನಮ್ಮ ಮನೆಯ ಮಗ್ಗಗಳು ಗೋಡೆಯಾಚೆ ಓಡುತ್ತಿದ್ದವು. ನಾನು ಅಷ್ಟು ಧೈರ್ಯ ಮಾಡಿದ್ದು ಆ ಸದ್ದನ್ನು ನಂಬಿಕೊಂಡು. ಹೇಳಿದ ಹಾಗೂ ಆಗಬೇಕು, ಕೇಳಿಸಲೂಬಾರದು, ಅಂಥ ಲೆಕ್ಕ. ಮಂಚದ ಪಕ್ಕ ಕೂತು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಗಂಟಲೊಳಗೇ ಹೇಳಿದೆ. ಆ ಎಣ್ಣೆ ನಾನು ಮಾಡಿದ್ದು. ನೀವು ನಂಗವಳ್ಳಿಗೆ ಹೋಗಿದ್ದಾಗ. ನಿಮ್ಮ ಕಿವಿ ಚೆನ್ನಾಗಿದೆ ಎಂದು ಆ ಹುಡುಗಿ ಅವತ್ತೇ ಹೇಳಿದಳು.

ದೊಡ್ಡವ್ವ ಕಣ್ಣು ತೆರೆದರು.

“ಕೇಳ್ತು,” ಎಂದರು.

ನಾನು ಅವರ ಕೈ ಹಿಡಿಯಲು ಹೋದೆ. ಅವರು ಕೈ ಕೊಡಲಿಲ್ಲ, ಎಳೆದುಕೊಳ್ಳಲೂ ಇಲ್ಲ.

“ನಂಗ್ ಕೇಳ್ತು. ಅದುನ್ನೇ ಆಚೆ ಓಗಿ ಯೋಳು,” ಎಂದರು. ಉಸಿರು ತೆಗೆದುಕೊಂಡು, “ಅವ್ರಿಗೂ ಕೇಳೋ ಅಂಗೆ,” ಎಂದರು.

“ಯೋಳ್ತೀನಿ ದೊಡ್ಡವ್ವ,” ಎಂದು ಎದ್ದೆ. ಅವರು ಮಾತಾಡಿದಂತೆಯೇ ನನ್ನ ಬಾಯಲ್ಲೂ ಬಂತು. ಎದ್ದಾಗ ಹೇಳುವ ಮನಸ್ಸೇ ಇತ್ತು, ಇದನ್ನು ನಂಬಿ. ಪರದೆ ಸರಿಸಿ ಹಜಾರಕ್ಕೆ ಬಂದೆ. ನಾಲ್ಕು ಮುಖಗಳೂ ನನ್ನ ಕಡೆ ತಿರುಗಿದವು.

“ಏನ್ ಕೇಳ್ತಾವ್ರೆ?” ಎಂದಳು ಕಡೆಮನೆ ಅಕ್ಕ. ಅವಳ ಮೊಮ್ಮಗು ತೊಡೆಯ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿತ್ತು.

“ನೀರು ಕೇಳ್ತಾವ್ರೆ,” ಎಂದೆ.

ಸೊಸೆ ಲೋಟದಲ್ಲಿ ನೀರು ತಂದುಕೊಟ್ಟಳು. ಅದನ್ನು ಹಿಡಿದು ಒಳಗೆ ಹೋದೆ. ನಾನು ಹೊರಗೆ ಅಂದ ಮಾತು ಅವರಿಗೆ ಕೇಳಿಸಿತ್ತು. ಲೋಟ ನೋಡಿದರು, ನನ್ನ ಮುಖ ನೋಡಿದರು, ಗೋಡೆಯ ಕಡೆ ತಿರುಗಿ ಮಲಗಿದರು. ಐದನೆಯ ದಿನ ತೀರಿಕೊಂಡರು. ಆ ಐದು ದಿನದಲ್ಲಿ ಯಾರ ಹತ್ತಿರವೂ ಅವರು ನನ್ನ ಹೆಸರೆತ್ತಲಿಲ್ಲವಂತೆ. ಎತ್ತಿದ್ದರೆ ನನಗೆ ಇಷ್ಟು ಹೊತ್ತಿಗೆ ಗೊತ್ತಾಗುತ್ತಿತ್ತು.

ಈಗ ಬರೆದಿದ್ದೇನೆ. ಒಂದನ್ನೂ ಬಿಟ್ಟಿಲ್ಲ. ಓದಿದವರು ಇವಳು ಕೊನೆಗಾದರೂ ಒಪ್ಪಿಕೊಂಡಳಲ್ಲ ಎಂದುಕೊಳ್ಳಬಹುದು, ಅದಕ್ಕೇ ಇನ್ನೊಂದನ್ನು ಹೇಳಬೇಕು. ನಮ್ಮ ಬೀದಿಯಲ್ಲಿ ಮನೆಮನೆಯಲ್ಲೂ ಕನ್ನಡ ಆಡುತ್ತಾರೆ. ಓದುವುದು ಮಾತ್ರ ತಮಿಳು. ಕಡೆಮನೆ ಅಕ್ಕನಿಗಾಗಲಿ, ಅವಳ ಮಗಳಿಗಾಗಲಿ, ದೊಡ್ಡವ್ವನ ಸೊಸೆಗಾಗಲಿ, ಕಡೆಗೆ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗಾಗಲಿ ಒಂದು ಕನ್ನಡ ಅಕ್ಷರ ಬರುವುದಿಲ್ಲ. ನನಗೆ ಈಗ ತಮಿಳು ಚೆನ್ನಾಗಿ ಬರುತ್ತದೆ, ಬರೆಯಲೂ ಬರುತ್ತದೆ. ಆದರೂ ಇದನ್ನು ಕನ್ನಡದಲ್ಲಿ ಬರೆದೆ.